ನಾರ್ಮಲ್ ಅಂದರೆ ಜಲಜಕ್ಕ

ಇದನ್ನು ನಾನು ಈ ಮೊದಲು ಎರಡು ಸಲ ಹೇಳಿದ್ದೇನೆ. ಮೊದಲನೆಯದು ನನ್ನ ಬೀಳ್ಕೊಡುಗೆಯ ದಿನ, ಕೊರಳಲ್ಲಿ ಹಾರ ಇದ್ದಾಗ. ಎರಡನೆಯದು ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನ ಮಕ್ಕಳ ಮುಂದೆ. ಎರಡು ಸಲವೂ ಕಥೆ ಚಂದವಾಗಿ ಬಂತು. ತಪ್ಪು ಮಾಡಿದೆ, ಒಪ್ಪಿಕೊಂಡೆ, ಒಂದು ಜೀವ ಉಳಿಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ದೇರೆಬೈಲಿನಲ್ಲಿ ಬಸ್ಸಿಳಿದು ಮನೆಗೆ ನಡೆಯುವಾಗ ಆ ಚಪ್ಪಾಳೆ ನೆನಪಾಗಿ ನನಗೆ ಹೆದರಿಕೆಯಾಯಿತು. ಅದು ಅಷ್ಟು ಚಂದವಾಗಿ ನಡೆದಿರಲಿಲ್ಲ.

ಆ ದಿನ ಒಬ್ಬ ಹುಡುಗಿ ಕೇಳಿದ್ದಳು: "ಮೇಡಂ, ಈಗ ಮೆಷಿನ್ನೇ ಎಲ್ಲ ಎಣಿಸ್ತದಲ್ಲ, ನಾವು ಮೈಕ್ರೋಸ್ಕೋಪಿನಲ್ಲಿ ಎಣಿಸ್ಲಿಕ್ಕೆ ಯಾಕೆ ಕಲೀಬೇಕು?" ನಾನು ಏನೋ ಉಪದೇಶ ಮಾಡಿ ಕುಳಿತೆ. ಅವಳಿಗೆ ಕೊಡಬೇಕಾಗಿದ್ದ ಉತ್ತರ ಇದು. ನೆನಪಿದ್ದದ್ದನ್ನು ನೆನಪಿದೆ ಎನ್ನುತ್ತೇನೆ, ಇಲ್ಲದ್ದನ್ನು ಇಲ್ಲ ಎನ್ನುತ್ತೇನೆ. ಎರಡೂ ಅಲ್ಲದ್ದು ಒಂದು ಕಡೆ ಬರುತ್ತದೆ. ಅಲ್ಲಿ ನಿಲ್ಲಿಸಿ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ್ದು ನಗರದ ಒಂದು ದೊಡ್ಡ ಆಸ್ಪತ್ರೆಯ ರಕ್ತ ಪರೀಕ್ಷೆಯ ಲ್ಯಾಬಿಗೆ. ಹೆಸರು ಬೇಡ. ನಮ್ಮ ಮುಖ್ಯ ಕೆಲಸ ಬಿಳಿ ರಕ್ತಕಣಗಳನ್ನು ಎಣಿಸುವುದು. ಒಂದು ಹನಿ ರಕ್ತವನ್ನು ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಎಳೆದು, ಒಣಗಿಸಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗಿಟ್ಟು ನೂರು ಕಣಗಳನ್ನು ನೋಡಬೇಕು. ಯಾವ ಜಾತಿಯದ್ದು ಎಷ್ಟು ಎಂದು ಬರೆಯಬೇಕು. ಅದರಲ್ಲಿ ಒಂದು ಜಾತಿ ಇಯೋಸಿನೋಫಿಲ್. ಮೈತುಂಬ ಕೆಂಪು ಕಾಳು, ಬಿರಿದ ದಾಳಿಂಬೆಯ ಹಾಗೆ. ನೂರರಲ್ಲಿ ಮೂರೋ ನಾಲ್ಕೋ ಇರುತ್ತದೆ. ಅಲರ್ಜಿ, ಉಬ್ಬಸ, ಹೊಟ್ಟೆಹುಳ ಇದ್ದವರಲ್ಲಿ ಹತ್ತು, ಇಪ್ಪತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು.

ಕೆಲಸ ಕಲಿಸಿದ್ದು ಸಂಜೀವಣ್ಣ. ಸೀನಿಯರ್ ಟೆಕ್ನಿಷಿಯನ್, ಕೈ ಒಳ್ಳೆಯದು, ಎಂಥ ಮಗುವಿನ ರಕ್ತನಾಳವೂ ಅವರಿಗೆ ಒಂದೇ ಸಲಕ್ಕೆ ಸಿಗುತ್ತಿತ್ತು. ಸೇರಿದ ಮೊದಲ ವಾರ ನಾನು ಒಂದೊಂದು ಸ್ಲೈಡಿಗೆ ಹತ್ತು ನಿಮಿಷ ಕುಳಿತು ಎಣಿಸುವುದನ್ನು ಅವರು ನೋಡಿದರು. ಪಕ್ಕದ ಸ್ಟೂಲ್ ಎಳೆದು ಕುಳಿತು ಮೆಲ್ಲಗೆ ಹೇಳಿದರು: "ಹೀಗೆ ಎಣಿಸ್ತಾ ಕೂತ್ರೆ ಸಾಯಂಕಾಲ ಆಗ್ತದೆ ಶಶಿ. ಒಂದು ಸುತ್ತು ನೋಡು. ಕಣ್ಣಿಗೆ ಎಂತದಾದ್ರೂ ಹೊಡೆದ್ರೆ ಎಣಿಸು. ಇಲ್ಲದಿದ್ರೆ ನಮ್ಮದು ಉಂಟಲ್ಲ."

ನಮ್ಮದು ಅಂದರೆ ಅರವತ್ತು, ಮೂವತ್ತೈದು, ಮೂರು, ಎರಡು. ಕೂಡಿದರೆ ನೂರು. ಒಂದು ಜಾತಿ ಅರವತ್ತು, ಇನ್ನೊಂದು ಮೂವತ್ತೈದು, ಇಯೋಸಿನೋಫಿಲ್ ಮೂರು, ಉಳಿದದ್ದು ಎರಡು. ಆರೋಗ್ಯವಂತರ ಲೆಕ್ಕ ಅದು. ಸ್ಲೈಡನ್ನು ಒಂದು ಸುತ್ತು ನೋಡಿ, ವಿಶೇಷ ಏನೂ ಕಾಣದಿದ್ದರೆ ಅದನ್ನೇ ಬರೆಯುವುದು. ಸಂಶಯ ಬಾರದಿರಲು ಒಮ್ಮೆ ಐವತ್ತೆಂಟು, ಒಮ್ಮೆ ಅರವತ್ತೆರಡು ಎಂದು ಆಚೆ ಈಚೆ ಮಾಡುವುದು. ಮೂರನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಇದು ನಮ್ಮ ಲ್ಯಾಬಿನಲ್ಲಿ ಮಾತ್ರ ಇತ್ತೆಂದು ನಾನು ಹೇಳಲಾರೆ. ಇಲ್ಲಿ ಮಾತ್ರ ಇತ್ತೆಂದು ನೀವು ನಂಬಿದರೆ ನನಗೆ ಸಂತೋಷವೇ.

ನಮಗೆ ಗೊತ್ತಿದ್ದೂ ಮರೆತ ಒಂದು ವಿಷಯವಿದೆ. ರಕ್ತವನ್ನು ಗಾಜಿನ ಮೇಲೆ ಎಳೆಯುವಾಗ ಇಯೋಸಿನೋಫಿಲ್‌ನಂಥ ದೊಡ್ಡ ಕಣಗಳು ಅಂಚಿಗೂ ತುದಿಗೂ ಸರಿಯುತ್ತವೆ. ನಾವು ಸುತ್ತು ನೋಡುತ್ತಿದ್ದದ್ದು ನಡುವಿನಲ್ಲಿ.

ಇನ್ನೊಂದು ಪದ್ಧತಿಯೂ ಇತ್ತು. ರೋಗಿಯ ರಕ್ತದ ಜೊತೆಗೆ ಪ್ರತಿದಿನ ಒಬ್ಬ ಆರೋಗ್ಯವಂತರ ರಕ್ತವೂ ಬೇಕು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂಬಂಥ ಪರೀಕ್ಷೆಗಳಲ್ಲಿ ರೋಗಿಯದ್ದನ್ನು ಇದರೊಂದಿಗೆ ಹೋಲಿಸಿಯೇ ಹೇಳಬೇಕು. ಅದಕ್ಕೆ 'ನಾರ್ಮಲ್' ಎಂದು ಹೆಸರು. ಬೆಳಿಗ್ಗೆ ಬಂದ ಕೂಡಲೇ ಸಂಜೀವಣ್ಣ ಸಿರಿಂಜು ಹಿಡಿದು, "ಇವತ್ತು ನಾರ್ಮಲ್ ಯಾರು?" ಎಂದು ಕೇಳುತ್ತಿದ್ದರು. ನಾವು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಕೊನೆಗೆ ಯಾರಾದರೂ ಪಕ್ಕದ ರೂಮಿನ ಬಾಗಿಲು ಬಡಿದು ಜಲಜಕ್ಕನನ್ನು ಕರೆಯುತ್ತಿದ್ದರು.

ಜಲಜಕ್ಕ ಗ್ಲೌಸ್ ರೂಮಿನವಳು. ಈಗಿನ ಮಕ್ಕಳಿಗೆ ಆ ರೂಮೇ ಗೊತ್ತಿಲ್ಲ. ಆಗ ಆಪರೇಷನ್ನಿನ ರಬ್ಬರ್ ಗ್ಲೌಸನ್ನು ಒಂದು ಸಲ ಹಾಕಿ ಬಿಸಾಡುತ್ತಿರಲಿಲ್ಲ. ತೊಳೆದು, ಔಷಧದ ನೀರಿನಲ್ಲಿ ಮುಳುಗಿಸಿ, ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಣಗಿಸಬೇಕು. ತೂತು ಇದೆಯೇ ಎಂದು ನೋಡಬೇಕು. ಒಳಗೂ ಹೊರಗೂ ಪೌಡರ್ ಹಚ್ಚಿ, ಜೋಡಿ ಮಾಡಿ, ಬಟ್ಟೆಯಲ್ಲಿ ಸುತ್ತಿ, ಹಬೆಯ ಯಂತ್ರಕ್ಕೆ ಕಳಿಸಬೇಕು. ತೂತು ನೋಡುವ ಸರಿಯಾದ ಕ್ರಮ ಬೇರೆ ಇತ್ತು, ಜಲಜಕ್ಕನ ಕ್ರಮ ಬೇರೆ. ಅವಳು ಬಾಯಲ್ಲಿ ಊದಿ ಕೆನ್ನೆಯ ಹತ್ತಿರ ಹಿಡಿಯುತ್ತಿದ್ದಳು. ಗಾಳಿ ತಾಗಿದರೆ ತೂತು. ಆ ರೂಮಿನ ಗಾಳಿ ಯಾವಾಗಲೂ ಬಿಳಿ. ಅವಳ ರೆಪ್ಪೆ, ಹುಬ್ಬು, ಕಿವಿಯ ಬೆಂಡೋಲೆ ಎಲ್ಲ ಬಿಳಿ. ಊಟಕ್ಕೆ ಬಂದರೆ ನಾವು, ಯಕ್ಷಗಾನದ ಚೌಕಿಯಿಂದ ಬಣ್ಣ ಹಚ್ಚಿಕೊಂಡು ಎದ್ದು ಬಂದಿರಾ, ಇವತ್ತು ಯಾವ ಪ್ರಸಂಗ ಎಂದು ತಮಾಷೆ ಮಾಡುತ್ತಿದ್ದೆವು. ಅವಳು ಉತ್ತರ ಕೊಡುವ ಮೊದಲು ಆರೇಳು ಸಲ ಸೀನುತ್ತಿದ್ದಳು. ಮತ್ತೆ ಮೂಗು ಒರೆಸಿಕೊಂಡು ಹೇಳುತ್ತಿದ್ದಳು, "ರಾಕ್ಷಸನ ವೇಷ ನಿಮ್ಮ ಸಂಜೀವಣ್ಣಂದು. ಸೂಜಿ ಹಿಡ್ಕೊಂಡು ಬರುದು ಅವರೇ ಅಲ್ವಾ?"

ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅಷ್ಟರ ಮಟ್ಟಿಗೆ ಇದೂ ನಿಜವಲ್ಲ.

ಅವಳ ಮನೆ ತೊಕ್ಕೊಟ್ಟಿನಲ್ಲಿ, ಗಂಡ ದುಬಾಯಿಯಲ್ಲಿ. ರಕ್ತ ಕೊಡಲು ಹಿಂಜರಿದವಳಲ್ಲ. ಕೈಯ ನಾಳ ದಪ್ಪ, ರೂಮು ಪಕ್ಕದಲ್ಲಿ. ಅವಳು ನಮ್ಮ ಕಾಯಂ ನಾರ್ಮಲ್ ಆದದ್ದು ಈ ಎರಡು ಕಾರಣಕ್ಕೆ. ಸೀನುವುದು ಪೌಡರಿನ ಧೂಳಿಗೆ ಎಂದು ಅವಳೂ ಹೇಳುತ್ತಿದ್ದಳು, ನಾವೂ ಹೇಳುತ್ತಿದ್ದೆವು. ಧೂಳಿಗೆ ಯಾರು ಸೀನುವುದಿಲ್ಲ?

ರೈ ಮೇಡಂ ನಮ್ಮ ವಿಭಾಗಕ್ಕೆ ಮುಖ್ಯಸ್ಥರಾಗಿ ಬಂದದ್ದು ಆ ಕಾಲದಲ್ಲಿ. ಮಣ್ಣಗುಡ್ಡದಲ್ಲಿ ಮನೆ. ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. ಬೈಯುವುದಾದರೆ ಪೆನ್ಸಿಲ್ ಕೆತ್ತುತ್ತಿದ್ದರು. ಎರಡು ಪೆನ್ಸಿಲ್ ಕೆತ್ತಿದರೆಂದರೆ ಆ ದಿನ ಯಾರದ್ದೋ ಗತಿ ಮುಗಿಯಿತು ಎಂದು ನಮಗೆ ಗೊತ್ತಾಗುತ್ತಿತ್ತು. ಹೊರಗೆಲ್ಲೋ ತರಬೇತಿ ಮುಗಿಸಿ ಬಂದಿದ್ದರು. ಬರುವಾಗ ತಂದದ್ದು ಪ್ಲಾಸ್ಟಿಕ್ಕಿನ ಒಂದು ಸಣ್ಣ ತಟ್ಟೆ. ಅದರಲ್ಲಿ ಒಂದರ ಕೆಳಗೆ ಒಂದು ಗುಳಿ, ಎರಡರ ನಡುವೆ ಕಾಗದದಂಥ ತೆಳ್ಳಗಿನ ಪೊರೆ. ಪೊರೆಯಲ್ಲಿ ಕಣ್ಣಿಗೆ ಕಾಣದ ತೂತುಗಳು. ಬಿಳಿ ರಕ್ತಕಣ ಸುಮ್ಮನೆ ಬೀಳುವಷ್ಟು ದೊಡ್ಡದಲ್ಲ. ಮೈ ಕಿರಿದು ಮಾಡಿ ನುಸುಳಿದರೆ ಮಾತ್ರ ದಾಟಬಹುದು.

ನನ್ನನ್ನು ಕರೆದು ಕೇಳಿದರು: "ಶಶಿಕಲಾ, ಇಯೋಸಿನೋಫಿಲ್ ರಕ್ತದಲ್ಲಿ ಉಂಟು ಅಂತ ನೀನು ಬರೀತಿ. ಅದಕ್ಕೆ ಕೆಲಸ ಇರುವುದು ಮೂಗಿನಲ್ಲಿ, ಶ್ವಾಸಕೋಶದಲ್ಲಿ. ಅಲ್ಲಿಗೆ ಬಾ ಅಂತ ಅದನ್ನು ಕರೆಯುವುದು ಯಾರು?"

ನನಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಎಣಿಸಿದ್ದೆ, ಅಥವಾ ಎಣಿಸಿದ್ದೇನೆ ಎಂದು ಬರೆದಿದ್ದೆ. ಅವು ಎಲ್ಲಿಗಾದರೂ ಹೋಗುತ್ತವೆ ಎಂದು ಯೋಚಿಸಿಯೇ ಇರಲಿಲ್ಲ.

ಮೇಡಂ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಅಲರ್ಜಿ ಇದ್ದವರ ಮೂಗಿಗೆ ಅವರಿಗಾಗದ ಧೂಳು ಹೊಕ್ಕಾಗ ಮೊದಲ ಕೆಲವು ನಿಮಿಷ ಸೀನು, ತುರಿಕೆ, ನೀರು. ಅದು ಒಂದು ಬಗೆಯ ಕಣಗಳು ಒಡೆದು ಸುರಿಸುವ ರಾಸಾಯನಿಕದಿಂದ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮೂಗಿನ ಒಳಪದರ ಸ್ವಲ್ಪ ಹೊತ್ತಿನ ಮೇಲೆ ಬೇರೆ ರಾಸಾಯನಿಕಗಳನ್ನು ಮಾಡಲು ಸುರುಮಾಡುತ್ತದೆ. ಕರೆಯುವುದೇ ಅವುಗಳ ಕೆಲಸ. ಅದರಲ್ಲಿ ಒಂದರ ಹೆಸರು ಇಯೋಟಾಕ್ಸಿನ್. ರಕ್ತನಾಳದಲ್ಲಿ ಹರಿದು ಹೋಗುತ್ತಿರುವ ಇಯೋಸಿನೋಫಿಲ್ ಅಲ್ಲಿಗೆ ಬಂದಾಗ ನಾಳದ ಗೋಡೆ ಅಂಟಾಗಿರುತ್ತದೆ. ಕಣ ಉರುಳುತ್ತದೆ, ನಿಲ್ಲುತ್ತದೆ, ಗೋಡೆಯ ಸಂದಿನಲ್ಲಿ ನುಸುಳುತ್ತದೆ. ನಂತರ ದಾರಿ ಹೇಗೆ ಗೊತ್ತಾಗುವುದು ಎಂದು ಕೇಳಿದೆ. ಮೇಡಂ ನಕ್ಕು, ಊಟದ ಹೊತ್ತಿಗೆ ಯಾರದ್ದೋ ಮನೆಯಲ್ಲಿ ಬಂಗುಡೆ ಮೀನು ಹುರಿಯುವಾಗ ಯಾವ ಮನೆ ಎಂದು ನಿನಗೆ ಹೇಗೆ ಗೊತ್ತಾಗುವುದು ಎಂದರು. ವಾಸನೆ ಹೆಚ್ಚಾದ ಕಡೆಗೆ ಹೆಜ್ಜೆ. ಕಣಕ್ಕೂ ಅಷ್ಟೇ ಗೊತ್ತು. ತನ್ನ ಒಂದು ಬದಿಗೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ. ಹೆಚ್ಚಾದ ಬದಿಗೆ ಮೈ ಚಾಚುತ್ತದೆ.

"ಹೋಗಿ ಎಂತ ಮಾಡ್ತದೆ ಅದು?" ಎಂದು ಕೇಳಿದೆ.

"ಹುಳವನ್ನು ಕೊಲ್ಲುವ ವಿಷ ಸುರಿಸ್ತದೆ. ಅಲ್ಲಿ ಹುಳ ಇರುವುದಿಲ್ಲ."

ಈ ಮಾತು ನನಗೆ ಚೆನ್ನಾಗಿ ನೆನಪಿದೆ. ಹುಳವಿಲ್ಲದ ಕಡೆ ಸುರಿದ ವಿಷ ನಮ್ಮ ಮೈಯನ್ನೇ ಸುಡುತ್ತದೆ.

ಪರೀಕ್ಷೆ ಹೀಗೆ. ಕೆಳಗಿನ ಗುಳಿಯಲ್ಲಿ ಅಲರ್ಜಿ ರೋಗಿಯ ಮೂಗು ತೊಳೆದ ಉಪ್ಪುನೀರು. ಮೇಲಿನ ಗುಳಿಯಲ್ಲಿ ಇಯೋಸಿನೋಫಿಲ್ ತುಂಬ ಇರುವ ಒಬ್ಬ ರೋಗಿಯ ರಕ್ತದಿಂದ ಬೇರ್ಪಡಿಸಿದ ಬಿಳಿ ಕಣಗಳು. ಮೈಯ ಬಿಸಿಯಷ್ಟು ಬಿಸಿಯ ಪೆಟ್ಟಿಗೆಯಲ್ಲಿ ಕೆಲವು ಗಂಟೆ. ಮತ್ತೆ ಪೊರೆ ತೆಗೆದು, ಬಣ್ಣ ಹಾಕಿ, ಅಡಿಭಾಗಕ್ಕೆ ದಾಟಿದ ಕಣಗಳನ್ನು ಎಣಿಸುವುದು. ಮೊದಲ ದಿನ ಬರೀ ಉಪ್ಪುನೀರಿನ ಪೊರೆ ನೋಡಿದೆ. ಖಾಲಿ. ರೋಗಿಯ ನೀರಿನದ್ದು ಇಟ್ಟೆ. ಪೊರೆಯ ಅಡಿಯಲ್ಲಿ ಕೆಂಪು ಕೆಂಪು. ಕೆಲವು ಇನ್ನೂ ತೂತಿನಲ್ಲಿ ಅರ್ಧ ಸಿಕ್ಕಿಕೊಂಡಿದ್ದವು, ಬಾಗಿಲಲ್ಲಿ ನೂಕುನುಗ್ಗಲಾದ ಹಾಗೆ. ನಾನು ಕಣ್ಣು ತೆಗೆದು ಸುತ್ತ ನೋಡಿದೆ. ಎಲ್ಲರೂ ಅವರವರ ಕೆಲಸ ಮಾಡುತ್ತಿದ್ದರು. ಕಿವಿ ಇಲ್ಲ, ಮೂಗು ಇಲ್ಲ, ಮಿದುಳು ಇಲ್ಲ, ಕರೆದರೆ ಬರುತ್ತವೆ. ನಾನು ಇಷ್ಟು ವರ್ಷ ಚುಕ್ಕಿ ಅಂದುಕೊಂಡದ್ದು ಹೊರಟು ಬರುವ ಜೀವಗಳು.

ಈ ಪರೀಕ್ಷೆಗೂ ನಾರ್ಮಲ್ ಬೇಕಲ್ಲ. ನಾನು ಪಕ್ಕದ ರೂಮಿನ ಬಾಗಿಲು ಬಡಿದೆ.

ಜಲಜಕ್ಕ ಮೂಗು ತೊಳೆಸಿಕೊಳ್ಳುವಾಗ ನಗುತ್ತಾ, ರಕ್ತ ಮುಗೀತು, ಇನ್ನು ಸಿಂಬಳವೂ ಬೇಕಾ ಎಂದಳು. ಮಧ್ಯಾಹ್ನದ ಹೊತ್ತು, ಅರ್ಧ ದಿನದ ಪೌಡರ್ ಅವಳ ಮೈಮೇಲಿತ್ತು. ಬಾಗಿಲಲ್ಲಿ ನಿಂತಿದ್ದ ಮೇಡಂ, ಇವಳಿಗೆ ಶೀತ ಉಂಟಾ ಎಂದು ವಿಚಾರಿಸಿದರು. ನಾನು ಫೈಲು ತೆಗೆದು ತೋರಿಸಿದೆ. ಸಿಬ್ಬಂದಿಯ ವಾರ್ಷಿಕ ತಪಾಸಣೆಯ ರಿಪೋರ್ಟು. ಇಯೋಸಿನೋಫಿಲ್ ಮೂರು. ಮೇಡಂ ತಲೆ ಆಡಿಸಿದರು.

ಆರು ಪೊರೆಗಳು. ಐದು ರೋಗಿಗಳದ್ದು, ಒಂದು ನಾರ್ಮಲ್. ನಾರ್ಮಲ್ ಸ್ಲೈಡಿನ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಎನ್ ಎಂದು ಬರೆದಿದ್ದೆ. ಅದನ್ನು ಕೊನೆಗೆ ಇಟ್ಟೆ. ಖಾಲಿ ಇರುತ್ತದೆ, ಬೇಗ ಮುಗಿಯುತ್ತದೆ ಎಂದು. ಇಣುಕಿದರೆ ಐದು ರೋಗಿಗಳಲ್ಲಿ ಯಾರ ಪೊರೆಯಲ್ಲೂ ಅಷ್ಟು ಕಣ ದಾಟಿರಲಿಲ್ಲ. ಸ್ಲೈಡ್ ತೆಗೆದು ಮೂಲೆ ನೋಡಿದೆ. ಎನ್. ಮತ್ತೆ ಇಟ್ಟೆ. ಮತ್ತೆ ಅಷ್ಟೇ ಕೆಂಪು. ಎಲ್ಲೋ ನೀರು ಅದಲುಬದಲಾಗಿದೆ, ಮೇಡಂ ಎರಡು ಪೆನ್ಸಿಲ್ ಕೆತ್ತುತ್ತಾರೆ, ಇಡೀ ವಾರದ ಕೆಲಸ ಹಾಳು.

ನಿಲ್ಲಿಸಿ ಹೇಳುತ್ತೇನೆಂದದ್ದು ಈ ಜಾಗ. ಸಂಜೀವಣ್ಣ ಹಿಂದಿನಿಂದ ಬಂದು, "ನೀನು ಆಚೆ ಈಚೆ ಮಾಡಿದ್ದಿ ಮಾರಾಯ್ತಿ. ನಾರ್ಮಲ್‌ನಲ್ಲಿ ಅಷ್ಟು ಬರ್ಲಿಕ್ಕುಂಟಾ? ಸರಿ ಮಾಡಿ ಬರೆದು ಊಟಕ್ಕೆ ಬಾ" ಎಂದರು. ಬೀಳ್ಕೊಡುಗೆಯ ದಿನ ನಾನು ಹಾಗೆಯೇ ಹೇಳಿದೆ. ಅವರ ದನಿ ನನ್ನ ಕಿವಿಯಲ್ಲಿ ಈಗಲೂ ಇದೆ, ಬೀಡಿಯ ವಾಸನೆ ಸಮೇತ. ಆದರೆ ನಿವೃತ್ತಿಯ ಮುಂಚಿನ ವಾರ ಕಪಾಟು ಖಾಲಿ ಮಾಡುವಾಗ ಹಳೆಯ ಹಾಜರಿ ಪುಸ್ತಕ ಸಿಕ್ಕಿತ್ತು. ಆ ದಿನದ ಪುಟ ತೆಗೆದೆ. ಸಂಜೀವಣ್ಣ ರಜೆ. ಹಿಂದಿನ ದಿನವೂ ರಜೆ, ಮರುದಿನವೂ ರಜೆ. ಇದು ಗೊತ್ತಿದ್ದೂ ಹಾರ ಹಾಕಿಕೊಂಡು ಅವರ ಹೆಸರು ಹೇಳಿದೆ. ಅವರು ತೀರಿಹೋಗಿದ್ದರು, ಅಲ್ಲ ಎನ್ನಲು ಯಾರೂ ಇರಲಿಲ್ಲ. ಆ ಮಾತು ಹೇಳಿದ್ದು ಯಾರು? ನನಗೆ ಅವರ ದನಿ ಮಾತ್ರ ನೆನಪಿದೆ. ಕೈ ನನ್ನದು.

ಎನ್ ಅನ್ನು ರಬ್ಬರಿನಲ್ಲಿ ಉಜ್ಜಿ ಅಲ್ಲಿ ಎರಡನೆಯ ರೋಗಿಯ ನಂಬರು ಬರೆದೆ. ಆ ರೋಗಿಯ ಸ್ಲೈಡಿಗೆ ಎನ್ ಬರೆದೆ. ಅದರಲ್ಲಿ ಕಣಗಳು ಕಡಿಮೆಯಿದ್ದವು. ಅವಳೊಬ್ಬಳು ಕಾಲೇಜು ಹುಡುಗಿ. ಅವಳಿಗೆ ಇದರಿಂದ ತೊಂದರೆಯೇನೂ ಆಗಲಿಲ್ಲ ಎಂದು ನನ್ನ ನಂಬಿಕೆ. ವಿಚಾರಿಸಲಿಲ್ಲ.

ಆಮೇಲೆ ಕೆಲವು ತಿಂಗಳು ಕಳೆದವು. ಎಷ್ಟು ಎಂದು ಗೊತ್ತಿಲ್ಲ. ಜಲಜಕ್ಕನಿಗೆ ಗರ್ಭಕೋಶದಲ್ಲಿ ಗಡ್ಡೆ, ರಕ್ತಸ್ರಾವ, ತೆಗೆಯಲೇಬೇಕು ಎಂದಾಯಿತು. ನಮ್ಮದೇ ಆಸ್ಪತ್ರೆ, ನಮ್ಮದೇ ಸರ್ಜನ್. ಅವಳೇ ಪೌಡರ್ ಹಚ್ಚಿ ಸುತ್ತಿಟ್ಟ ಗ್ಲೌಸುಗಳಿರಬೇಕು. ಹೊಟ್ಟೆ ತೆರೆದು ಸ್ವಲ್ಪ ಹೊತ್ತಿಗೆ ರಕ್ತದೊತ್ತಡ ಬಿದ್ದುಹೋಯಿತು. ಮೈಯೆಲ್ಲ ಕೆಂಪು ದದ್ದು, ತುಟಿ ಊದಿ, ಶ್ವಾಸನಾಳ ಬಿಗಿದುಕೊಂಡಿತು. ಚುಚ್ಚುಮದ್ದು ಕೊಟ್ಟು, ಕೆಲಸ ಅರ್ಧಕ್ಕೇ ಬಿಟ್ಟು, ಹೊಲಿದು, ಹೇಗೋ ಉಳಿಸಿದರು. ಥಿಯೇಟರಿನ ನರ್ಸ್ ರಕ್ತದ ಟ್ಯೂಬು ಹಿಡಿದು ಓಡಿ ಬಂದಳು. ನಮ್ಮ ಜಲಜಕ್ಕನದ್ದು ಎಂದಳು.

ಆಪರೇಷನ್ನಿಗೆ ಮುಂಚೆ ಕೊಟ್ಟ ಆಂಟಿಬಯಾಟಿಕ್ಕಿನ ಅಲರ್ಜಿ ಎಂದು ತೀರ್ಮಾನವಾಯಿತು. ಕೇಸ್‌ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ಆ ಔಷಧದ ಹೆಸರು ಬರೆದರು. ರಕ್ತಸ್ರಾವ ನಿಂತಿರಲಿಲ್ಲ, ಹಿಮೋಗ್ಲೋಬಿನ್ ಇಳಿಯುತ್ತಿತ್ತು. ಗಂಡ ರಜೆ ಹಾಕಿ ಬಂದಿದ್ದ. ಅವನು ವಾಪಸು ಹೋಗುವ ಮೊದಲು, ಬೇರೆ ಔಷಧ ಕೊಟ್ಟು, ಮುಂದಿನ ಗುರುವಾರ ಮತ್ತೆ ಆಪರೇಷನ್ ಎಂದು ಗೊತ್ತುಮಾಡಿದರು.

ನಾನು ವಾರ್ಡಿಗೆ ನೋಡಲು ಹೋದೆ. ಜಲಜಕ್ಕ ಬಿಳುಚಿದ್ದಳು, ಆದರೆ ಮುಖ ಬೇರೆಯೇ. ಏನು ಬೇರೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಕಣ್ಣು ಕೆಂಪಾಗಿರಲಿಲ್ಲ, ಮೂಗು ಸೋರುತ್ತಿರಲಿಲ್ಲ. ನಾನು ಕುಳಿತ ಅರ್ಧ ಗಂಟೆಯಲ್ಲಿ ಅವಳು ಒಂದು ಸಲವೂ ಸೀನಲಿಲ್ಲ.

"ಒಂದು ಲೆಕ್ಕದಲ್ಲಿ ಸುಖ ಉಂಟು ಶಶಿ," ಎಂದಳು. "ಹತ್ತು ದಿನ ಆಯ್ತು, ಮೂಗಿನಲ್ಲಿ ಉಸಿರು ಹೋಗ್ತದೆ. ಪಥ್ಯದ ಗಂಜಿಗೂ ಪರಿಮಳ ಬರ್ತದೆ."

ನಾನು ಏಳಲು ಹೋದವಳು ಏಳಲಿಲ್ಲ. ಪೊರೆಯ ಅಡಿಯ ಕೆಂಪು ಕಣಗಳು ಕಣ್ಣಮುಂದೆ ಬಂದವು. ಅವು ತಪ್ಪಿ ಬಂದದ್ದಲ್ಲ. ಅವುಗಳನ್ನು ಕರೆದದ್ದು ಜಲಜಕ್ಕನ ಮೂಗಿನ ನೀರು. ನೀರು ಅದಲುಬದಲಾಗಿರಲಿಲ್ಲ. ನಾನು ಸರಿಯಾಗಿಯೇ ಮಾಡಿದ್ದೆ, ಆಮೇಲೆ ಸರಿಯನ್ನು ಉಜ್ಜಿದ್ದೆ. ಗ್ಲೌಸ್ ರೂಮಿನಲ್ಲಿ ಪೌಡರಿಗೆ ಅಂಟಿ ಅವಳ ಮೂಗಿಗೆ ಹೋದ ರಬ್ಬರಿನ ಅಂಶವೇ ಥಿಯೇಟರಿನಲ್ಲಿ ಅವಳ ಹೊಟ್ಟೆಯೊಳಗೆ ಹೋಗಿದೆ. ಗುರುವಾರ ಔಷಧ ಬದಲಾಗುತ್ತದೆ. ಗ್ಲೌಸು ಬದಲಾಗುವುದಿಲ್ಲ.

ಮಂಗಳವಾರ ಬೆಳಿಗ್ಗೆ ಮೇಡಮ್ಮಿನ ಕೋಣೆಗೆ ಹೋಗಿ ಹೇಳಿದೆ. ನಿಂತೇ ಹೇಳಿದೆ. ಅವರು ಪೆನ್ಸಿಲ್ ಎತ್ತಿಕೊಳ್ಳಲಿಲ್ಲ. ಬಹಳ ಹೊತ್ತು ನನ್ನ ಕೈಗಳನ್ನು ನೋಡಿದರು.

"ಇದು ಒಂದೇ ಸಲವಾ? ಇಂಥದ್ದು ಬೇರೆ ಉಂಟಾ?"

"ಇದೊಂದೇ ಮೇಡಂ."

ಆಗ ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನಿಸಲಿಲ್ಲ.

ಮೇಡಂ ಸರ್ಜನ್‌ಗೆ ಫೋನ್ ಮಾಡಿದರು. ಆ ಕಡೆಯ ನಗು ನನಗೂ ಕೇಳಿಸಿತು. ಗ್ಲೌಸಿನ ಅಲರ್ಜಿ ಎಂದು ಪುಸ್ತಕದಲ್ಲಿ ಓದಿದ್ದೇನೆ, ಹಾಗಾದರೆ ನಾನು ಬರಿಗೈಯಲ್ಲಿ ಆಪರೇಷನ್ ಮಾಡಬೇಕಾ ಎಂದು ಕೇಳಿದರು. ಮೇಡಂ ದನಿ ಏರಿಸದೆ, "ನೀವು ಬನ್ನಿ ಡಾಕ್ಟ್ರೇ. ಚುಚ್ಚಿ ನೋಡುವ. ಎಂತ ಇಲ್ಲದಿದ್ರೆ ಗುರುವಾರ ನೀವು ನಗಬಹುದು" ಎಂದರು.

ವಾರ್ಡಿನಲ್ಲಿ ಚುಚ್ಚುಮದ್ದು ತುಂಬಿದ ಸಿರಿಂಜು, ಆಮ್ಲಜನಕ ಎಲ್ಲ ತಯಾರಿಟ್ಟರು. ಗ್ಲೌಸಿನ ಒಂದು ಬೆರಳು ಕತ್ತರಿಸಿ ಉಪ್ಪುನೀರಿನಲ್ಲಿ ನೆನೆಹಾಕಿದ್ದೆ. ಜಲಜಕ್ಕನ ಮುಂಗೈಯ ಒಳಬದಿಗೆ ಎರಡು ಹನಿ. ಒಂದು ಬರೀ ಉಪ್ಪುನೀರು, ಇನ್ನೊಂದು ಆ ನೀರನ್ನೇ ಮತ್ತಷ್ಟು ತೆಳ್ಳಗೆ ಮಾಡಿದ್ದು. ಪ್ರತಿ ಹನಿಯ ಮೂಲಕ ಸೂಜಿಯ ತುದಿ ಚರ್ಮಕ್ಕೆ ತಾಗಿಸಿದರು. ಸರ್ಜನ್ ಗಡಿಯಾರ ನೋಡುತ್ತಾ ನಿಂತಿದ್ದರು. ಉಪ್ಪುನೀರಿನ ಜಾಗ ಹಾಗೆಯೇ ಇತ್ತು. ಇನ್ನೊಂದು ಜಾಗ ಮೊದಲು ಕೆಂಪಾಯಿತು, ನಡುವೆ ಬೆಳ್ಳಗೆ ಉಬ್ಬಿತು. ನೋಡುತ್ತಿದ್ದಂತೆ ಹುಣಿಸೆಬೀಜದಷ್ಟಾಯಿತು, ಅದಕ್ಕೂ ದೊಡ್ಡದಾಯಿತು, ಅಂಚಿನಿಂದ ಕಾಲುಗಳ ಹಾಗೆ ಉಬ್ಬುಗೆರೆಗಳು ಹೊರಟವು. ಸರ್ಜನ್ ತಮ್ಮ ಎರಡು ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಆ ಮುಖ ನಾನು ಮರೆಯುವುದಿಲ್ಲ. ಮೊನ್ನೆ ಇವಳನ್ನು ಸಾವಿನ ಹತ್ತಿರ ಒಯ್ದದ್ದು ಈ ಕೈಗಳೇ ಎಂದು ನೋಡುತ್ತಿದ್ದ ಹಾಗಿತ್ತು.

ಜಲಜಕ್ಕ ಮಾತ್ರ ಕೈ ಕೆರೆದುಕೊಳ್ಳಲು ಬಿಡಿ ಎಂದು ಹಠ ಮಾಡುತ್ತಿದ್ದಳು.

ಆಪರೇಷನ್ ಗುರುವಾರ ಆಗಲಿಲ್ಲ. ಸೋಮವಾರಕ್ಕೆ ಹೋಯಿತು. ಆ ನಡುವೆ ಥಿಯೇಟರಿನಲ್ಲಿ ರಬ್ಬರ್ ಎಲ್ಲೆಲ್ಲಿದೆ ಎಂದು ಹುಡುಕಿದರು. ಗ್ಲೌಸು ಬಿಡಿ. ಮೂತ್ರದ ನಳಿಗೆ, ಔಷಧದ ಬಾಟ್ಲಿಯ ಮುಚ್ಚಳ, ರಕ್ತದೊತ್ತಡ ನೋಡುವ ಪಟ್ಟಿಯ ಕೊಳವೆ, ಅರಿವಳಿಕೆಯ ಚೀಲ, ಹಾಸಿಗೆಯ ಶೀಟು. ಹೆಡ್ ನರ್ಸ್ ಪಟ್ಟಿ ಬರೆಯುತ್ತಾ ಹೋಗಿ ಕೊನೆಗೆ ಪೆನ್ನು ಇಟ್ಟು, ರಬ್ಬರ್ ಅಲ್ಲದ್ದು ಬರೆಯುವುದು ಸುಲಭ ಎಂದರಂತೆ. ರಬ್ಬರ್ ಇಲ್ಲದ ಗ್ಲೌಸು ಬೆಂಗಳೂರಿನಿಂದ ಬಸ್ಸಿನಲ್ಲಿ ಬಂತು. ಭಾನುವಾರ ಥಿಯೇಟರಿನ ಗೋಡೆಗಳನ್ನು ತೊಳೆದರು. ಗಾಳಿಯಲ್ಲಿ ಪೌಡರ್ ಉಳಿಯಬಾರದೆಂದು ಸೋಮವಾರದ ಮೊದಲ ಕೇಸು ಜಲಜಕ್ಕನದ್ದೇ ಇಟ್ಟರು.

ನಾನು ಲ್ಯಾಬಿನಲ್ಲಿ ಕುಳಿತಿದ್ದೆ. ಸಂಜೀವಣ್ಣ ಆ ದಿನ ಇದ್ದರು, ಹಾಜರಿ ಪುಸ್ತಕವೂ ಹಾಗೆಯೇ ಹೇಳುತ್ತದೆ. ನಾರ್ಮಲ್ ಯಾರು ಎಂದು ಅವರು ಕೇಳಲಿಲ್ಲ, ತಾವೇ ಅಂಗಿಯ ತೋಳು ಮಡಚಿದರು. ಹನ್ನೊಂದು ಗಂಟೆಗೆ ಮೇಡಂ ಬಾಗಿಲಲ್ಲಿ ಬಂದು, "ಹೊಲೀತಾ ಇದ್ದಾರೆ. ಎಂತ ಆಗ್ಲಿಲ್ಲ" ಎಂದು ಹೇಳಿ ಹೋದರು. ನಾನು ಈ ಮೊದಲು ಹೇಳಿದಾಗ ಎರಡು ಸಲವೂ ಕಥೆ ಮುಗಿದದ್ದು ಇಲ್ಲಿಯೇ. ಚಪ್ಪಾಳೆ ಬಿದ್ದದ್ದೂ ಇಲ್ಲಿಯೇ.

ಮೇಡಂ ನನಗೆ ಮೆಮೋ ಕೊಡಲಿಲ್ಲ. ಒಂದು ವರ್ಷ ನಾನು ಪ್ರತಿ ಸ್ಲೈಡಿನಲ್ಲಿ ನೂರರ ಬದಲು ಇನ್ನೂರು ಕಣ ಎಣಿಸಬೇಕು, ಅಂಚಿನಿಂದ ಒಳಗೆ, ಒಳಗಿನಿಂದ ಅಂಚಿಗೆ, ಅಂಕುಡೊಂಕಾಗಿ ಎಂದರು. ದಿನಕ್ಕೆ ಎರಡು ಸ್ಲೈಡು ಅವರು ಮತ್ತೆ ಎಣಿಸುತ್ತಿದ್ದರು. ಮೊದಲ ವಾರದಲ್ಲೇ ನಾನು ಬೆಚ್ಚಿದೆ. ಮೂರು ಎಂದು ಬರೆದುಬಿಡುತ್ತಿದ್ದ ಸ್ಲೈಡುಗಳಲ್ಲಿ ಏಳು, ಒಂಬತ್ತು, ಒಂದರಲ್ಲಿ ಹದಿನಾಲ್ಕು. ಎಲ್ಲ ಅಂಚಿನಲ್ಲಿ ಕುಳಿತಿದ್ದವು. ಜಲಜಕ್ಕನ ಹಳೆಯ ರಿಪೋರ್ಟುಗಳನ್ನು ತೆಗೆದು ನೋಡಬೇಕೆಂದು ಆಗ ನನಗೆ ಹೊಳೆಯಲಿಲ್ಲ. ಅಥವಾ ಹೊಳೆದದ್ದನ್ನು ಮರೆತೆ.

ಆಮೇಲೆ ಎಲ್ಲ ಬದಲಾಯಿತು. ಗ್ಲೌಸ್ ರೂಮು ಮುಚ್ಚಿ ಅಲ್ಲಿ ಕಂಪ್ಯೂಟರ್ ಇಟ್ಟರು. ಒಂದು ಸಲ ಹಾಕಿ ಬಿಸಾಡುವ, ಪೌಡರ್ ಇಲ್ಲದ ಗ್ಲೌಸು ಬಂತು. ಜಲಜಕ್ಕನಿಗೆ ರೆಕಾರ್ಡ್ ವಿಭಾಗದಲ್ಲಿ ಕೆಲಸ ಕೊಟ್ಟರು. ರಕ್ತಕಣ ಎಣಿಸುವ ಮೆಷಿನ್ ಬಂತು. ಅದು ಸಾವಿರಾರು ಕಣಗಳನ್ನು ಒಂದು ನಿಮಿಷದಲ್ಲಿ ನೋಡುತ್ತದೆ. ನಮ್ಮಂತೆ ಊಟದ ಹೊತ್ತು ನೋಡುವುದಿಲ್ಲ. ಸಂಶಯ ಬಂದರೆ ಒಂದು ಗುರುತು ಹಾಕಿ, ಮನುಷ್ಯರು ನೋಡಲಿ ಎನ್ನುತ್ತದೆ. ಆ ಗುರುತು ಬಂದಾಗ ಸ್ಲೈಡ್ ಇಟ್ಟು ನೋಡದೆ ಓಕೆ ಒತ್ತುವ ಹುಡುಗರನ್ನು ನಾನು ನನ್ನ ಕೊನೆಯ ವರ್ಷ ನೋಡಿದೆ. ಅವರಿಗೆ ಯಾರು ಕಲಿಸಿದರೋ ಗೊತ್ತಿಲ್ಲ. ಸಂಜೀವಣ್ಣನಂತೂ ಅಲ್ಲ.

ಇದನ್ನು ಬರೆಯಲು ಕುಳಿತ ಮೇಲೆ ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಇಲ್ಲದೆ, ಹೋದ ತಿಂಗಳು ತೊಕ್ಕೊಟ್ಟಿಗೆ ಹೋದೆ. ಜಲಜಕ್ಕನಿಗೆ ಈಗ ಎಪ್ಪತ್ತರ ಹತ್ತಿರ. ಗಂಡ ಊರಿಗೆ ಮರಳಿ ಮಾರ್ಕೆಟ್ಟಿನ ಬಳಿ ಅಂಗಡಿ ಹಾಕಿದ್ದಾನೆ. ಬಾಗಿಲಿಗೆ ಬಂದವಳು ನನ್ನ ಚಪ್ಪಲಿ ನೋಡಿ, ರಬ್ಬರಿನದ್ದಾದರೆ ಆಚೆ ಇಡು ಎಂದು ನಕ್ಕಳು. ಮೊಮ್ಮಗಳ ಬರ್ತ್‌ಡೇಗೆ ಬಲೂನು ಕಟ್ಟಲು ಬಿಡದ ಅಜ್ಜಿ ತಾನೊಬ್ಬಳೇ ಅಂತೆ.

ಸ್ಲೈಡ್ ಬದಲಿಸಿದ ವಿಷಯ ನಾನು ಅವಳಿಗೆ ಎಂದೂ ಹೇಳಿರಲಿಲ್ಲ. ಆ ದಿನ ಹೇಳಿದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಮೇಡಂ ಆಗಲೇ ಹೇಳಿದ್ದಾರೆ, ನೀನು ಎಷ್ಟು ವರ್ಷಕ್ಕೆ ಬಾಯಿ ಬಿಡ್ತಿ ಅಂತ ನೋಡ್ತಾ ಇದ್ದೆ ಎಂದಳು. ಆದರೆ ಅದು ಏನೂ ಅಲ್ಲ. ಅವಳು ಎದ್ದು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದಳು.

"ನನಗೆ ಆ ಮೊದಲೇ ಸಂಶಯ ಇತ್ತು ಶಶಿ. ರಜೆ ಹಾಕಿದ್ರೆ ಆರಾಮ, ಡ್ಯೂಟಿಗೆ ಬಂದ್ರೆ ಸೀನು. ಗ್ಲೌಸ್ ಊದಿದ್ರೆ ತುಟಿ ದಪ್ಪ ಆಗ್ತಿತ್ತು. ಡಾಕ್ಟ್ರ ಹತ್ರ ಹೋಗಿ ಹೇಳಿದೆ, ಒಂದು ಸಲ ಅಲ್ಲ, ನಾಲ್ಕು ಸಲ. ಬೇರೆ ಕೆಲಸಕ್ಕೆ ಹಾಕಿ ಅಂತಲೂ ಕೇಳಿದೆ. ರಕ್ತ ಪರೀಕ್ಷೆ ಮಾಡಿಸಿ ಬಾ ಅಂತ ಹೇಳ್ತಿದ್ರು. ಮಾಡಿಸ್ತಿದ್ದೆ. ರಕ್ತದಲ್ಲಿ ಎಂತದೂ ಇಲ್ಲ, ಅಲರ್ಜಿ ಅಲ್ಲ, ಬರೀ ಧೂಳು, ಮೂಗಿಗೆ ಬಟ್ಟೆ ಕಟ್ಟಿಕೊ ಅಂತಿದ್ರು. ಮತ್ತೆ ನಾನೂ ಹೇಳುದು ಬಿಟ್ಟೆ. ಕಾಗದವೇ ನಾರ್ಮಲ್ ಅಂತದೆ."

ಕವರಿನಿಂದ ಹಳದಿಗಟ್ಟಿದ ನಾಲ್ಕು ಕಾಗದ ತೆಗೆದು ನನ್ನ ಮುಂದೆ ಒಂದರ ಪಕ್ಕ ಒಂದು ಇಟ್ಟಳು. ಕೈಬರಹ ಉರುಟಾಗಿದೆ, ಚಂದ ಇದೆ. ಅರವತ್ತು, ಮೂವತ್ತೈದು, ಮೂರು, ಎರಡು. ಐವತ್ತೆಂಟು, ಮೂವತ್ತೇಳು, ಮೂರು, ಎರಡು. ಮತ್ತೊಂದು. ಇನ್ನೊಂದು. ನಾಲ್ಕು ವರ್ಷ. ನಾಲ್ಕರ ಅಡಿಯಲ್ಲೂ ನನ್ನ ಸಹಿ.

ಸಂಜೀವಣ್ಣನದ್ದು ಒಂದೂ ಇರಲಿಲ್ಲ.

ನಾನು ಅವಳಿಗೆ ಹೇಳಿದೆ. ಎಣಿಸದೆ ಬರೆದದ್ದು, ಎಲ್ಲರಿಗೂ ಹಾಗೆ ಬರೆಯುತ್ತಿದ್ದದ್ದು, ಕೂಡಿದರೆ ನೂರಾಗುವ ಹಾಗೆ. ಜಲಜಕ್ಕ ಕನ್ನಡಕ ಹಾಕಿಕೊಂಡು ಮೊದಲ ಕಾಗದವನ್ನು ಬೆಳಕಿಗೆ ಹಿಡಿದಳು. ಆ ಅಂಕೆಯ ಮೇಲೆ ಬೆರಳಿಟ್ಟಳು. ಸಿಟ್ಟಿರಲಿಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದಳು:

"ಹಾಗಾದ್ರೆ ಈ ಮೂರು ಯಾರದ್ದು ಮಾರಾಯ್ತಿ?"